ಮನೆಯೊಳಗೊಂದು ಪುಟ್ಟ ಹೊಳೆ

ನಿಮ್ಮ ಮನೆಯಲ್ಲೂ ಗಾಜಿನ ತೊಟ್ಟಿಯಲ್ಲಿ ಬಣ್ಣದ ಮೀನುಗಳಿರಬಹುದು. ಶಾಲೆ ಬಿಟ್ಟು ಬಂದ ಮಕ್ಕಳು ಅದರ ಮುಂದೆ ಕುಳಿತು ಮೈಮರೆಯುವುದನ್ನು ಕಂಡು ನೀವೂ ಸಂತೋಷಪಟ್ಟಿರಬಹುದು. ಆದರೆ ತರುವ ಮೊದಲು, ಈ ಮೀನು ಎಷ್ಟು ದೊಡ್ಡದಾಗುತ್ತದೆ ಎಂದು ಕೇಳಿದ್ದೀರಾ? ನಾನು ಕೇಳಿರಲಿಲ್ಲ.

ನಮ್ಮದು ಕೊಣನೂರು. ಊರಿನ ಪಕ್ಕದಲ್ಲೇ ಕಾವೇರಿ. ತೂಗುಸೇತುವೆಯ ಮೇಲೆ ನಿಂತು ಹೊಳೆ ನೋಡುತ್ತ ಬೆಳೆದ ಮಗನಿಗೆ ಮನೆಯಲ್ಲೂ ಮೀನು ಬೇಕೆನಿಸಿತು. ಮೈಸೂರಿಗೆ ಮದುವೆಗೆ ಹೋಗಿದ್ದಾಗ ಎರಡು ಆಸ್ಕರ್ ಮರಿಗಳನ್ನು ಕೊಡಿಸಿದೆವು. ಹೆಬ್ಬೆರಳಿನಷ್ಟಿದ್ದವು. “ಎರಡಡಿ ತೊಟ್ಟಿ ಸಾಕು. ತೊಟ್ಟಿಗೆ ತಕ್ಕಷ್ಟೇ ಬೆಳೆಯುತ್ತವೆ” ಎಂದಿದ್ದ ಅಂಗಡಿಯವನು. ಅದು ಶುದ್ಧ ಸುಳ್ಳು. ಆಸ್ಕರ್ ಒಂದಡಿಯವರೆಗೂ ಬೆಳೆಯುವ ಮೀನು. ವರ್ಷ ತುಂಬುವಷ್ಟರಲ್ಲಿ ಅವಕ್ಕೆ ತಿರುಗಲೂ ಜಾಗವಿರಲಿಲ್ಲ. ಎರಡೇ ದಿನಕ್ಕೆ ನೀರು ಕಲಕಿ ವಾಸನೆ ಬರುತ್ತಿತ್ತು. ಒಂದರ ತಲೆಯ ಮೇಲೆ ಸಣ್ಣ ಗುಳಿಗಳೂ ಕಾಣಿಸಿಕೊಂಡವು.

“ಹೊಳೆ ಇದೆಯಲ್ಲ, ಬಿಟ್ಟುಬಿಡೋಣ. ಅವೂ ಬದುಕಿಕೊಳ್ಳುತ್ತವೆ” ಎಂದರು ನಮ್ಮವರು. ನನಗೂ ಅದೇ ಪುಣ್ಯದ ಕೆಲಸವೆನಿಸಿತು. ಬಕೆಟ್ಟಿನಲ್ಲಿ ಹೊತ್ತು ದಡಕ್ಕೆ ಹೋದೆವು. ಅಲ್ಲಿ ಬಲೆ ಬಿಡಿಸುತ್ತಿದ್ದ ವೃದ್ಧರೊಬ್ಬರು ಬಕೆಟ್ಟಿಗೆ ಇಣುಕಿ ನೋಡಿ, “ಬೇಡಮ್ಮಾ” ಎಂದರು. ತಮ್ಮ ಬುಟ್ಟಿಯ ಜಿಲೇಬಿ ಮೀನನ್ನು ಎತ್ತಿ ತೋರಿಸಿ, “ಇದೂ ನಮ್ಮ ಹೊಳೆಯದಲ್ಲ. ಯಾರೋ ತಂದು ಬಿಟ್ಟದ್ದು. ಈಗ ಎಲ್ಲಿ ಬಲೆ ಹಾಕಿದರೂ ಇದೇ” ಎಂದರು.

ಆಮೇಲೆ ಓದಿ ತಿಳಿದುಕೊಂಡೆ. ಜಿಲೇಬಿ ಎಂದು ನಾವು ಕರೆಯುವ ತಿಲಾಪಿಯಾ ಆಫ್ರಿಕಾದ ಮೀನು. 1952ರಲ್ಲಿ ಭಾರತಕ್ಕೆ ತಂದರು. ಅದೂ ಆಸ್ಕರ್‌ನಂತೆ ಸಿಕ್ಲಿಡ್ ಎಂಬ ಕುಟುಂಬಕ್ಕೆ ಸೇರಿದ್ದು. ದಕ್ಷಿಣ ಅಮೆರಿಕದ ಆಸ್ಕರ್ ಅಮೆರಿಕದ ಫ್ಲೋರಿಡಾದ ಜೌಗು ನೀರಿಗೆ ಸೇರಿಕೊಂಡು ಅಲ್ಲೇ ಸಂತಾನ ಬೆಳೆಸಿದೆ. ನಮ್ಮ ಕಾವೇರಿಗೆ ತನ್ನದೇ ಆದ ಮಹಸೀರ್ ಇದೆ. ರಾಮನಾಥಪುರದಲ್ಲಿ ಜನ ಮಹಸೀರ್‌ಗಳಿಗೆ ಕಡಲೆಪುರಿ ಹಾಕುವುದನ್ನು ನೀವು ನೋಡಿರಬಹುದು. ಕಾವೇರಿ ಕಣಿವೆ ಬಿಟ್ಟರೆ ಬೇರೆಲ್ಲೂ ಇಲ್ಲದ ಗೂನುಬೆನ್ನಿನ ಮಹಸೀರ್ ಅಳಿವಿನ ಅಂಚಿನಲ್ಲಿದೆ ಎಂದು 2018ರಲ್ಲಿ ಘೋಷಿಸಲಾಯಿತು. ಇಂಥ ಹೊಳೆಗೆ ಮರಿಗಳನ್ನು ನುಂಗುವ ಇನ್ನೊಂದು ಪರದೇಶಿ ಮೀನನ್ನು ಬಿಡುವುದು ದಯೆಯೇ?

ಬಕೆಟ್ ಮನೆಗೆ ವಾಪಸು ಬಂತು. ಅತ್ತೆಯವರು ಒಂದೇ ಮಾತು ಹೇಳಿದರು: “ಬಾಯಿಲ್ಲದ ಜೀವವನ್ನು ತಂದವರು ನೀವು. ಅದರ ಹಕ್ಕು ಕೊಡಬೇಕಾದವರೂ ನೀವೇ.”

ಮೀನನ್ನು ಹೊಳೆಗೆ ಬಿಡುವ ಬದಲು ಹೊಳೆಯನ್ನೇ ಮನೆಗೆ ತರಲು ನಿರ್ಧರಿಸಿದೆವು. ನಾಲ್ಕಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರದ ತೊಟ್ಟಿ. ಸುಮಾರು 450 ಲೀಟರ್ ನೀರು. ತೂಕ ಅರ್ಧ ಟನ್ ಆಗುವುದರಿಂದ ಗಟ್ಟಿ ಕಬ್ಬಿಣದ ಸ್ಟ್ಯಾಂಡ್ ಮಾಡಿಸಿದೆವು. ಆ ವರ್ಷ ನನ್ನ ಹೊಸ ಸೀರೆಯ ಹಣ ಅದಕ್ಕೇ ಹೋಯಿತು.

ಕಾಡಿನಲ್ಲಿ ಆಸ್ಕರ್ ನಿಧಾನವಾಗಿ ಹರಿಯುವ ನೀರಿನಲ್ಲಿ, ಬಿದ್ದ ಮರ, ಬೇರುಗಳ ನೆರಳಿನಲ್ಲಿ ಬದುಕುತ್ತದೆ. ಅದನ್ನೇ ಅನುಸರಿಸಿದೆವು. ನುಣುಪಾದ ಕಲ್ಲುಗಳ ಮೇಲೆ ವಿನೆಗರ್ ಹನಿಸಿ, ನೊರೆ ಬಂದವನ್ನು ಬಿಸಾಡಿದೆವು. ಅವುಗಳಲ್ಲಿ ಸುಣ್ಣವಿರುತ್ತದೆ. ಈ ಮೀನುಗಳು ಮರಳನ್ನು ಅಗೆಯುತ್ತವೆ. ಆದ್ದರಿಂದ ಕಲ್ಲುಗಳನ್ನು ಮೊದಲು ತಳದಲ್ಲಿ ಭದ್ರವಾಗಿ ಕೂರಿಸಿ, ನಂತರ ಅಕ್ಕಿ ತೊಳೆದಂತೆ ತೊಳೆದ ಮರಳು ಸುರಿದೆವು. ವಾರಗಟ್ಟಲೆ ನೆನೆಸಿದ ಒಣ ಬೇರೊಂದನ್ನು ಓರೆಯಾಗಿಟ್ಟೆವು. ನೀರು ಚಹಾದ ಬಣ್ಣಕ್ಕೆ ತಿರುಗಿತು. ಗಾಬರಿ ಬೇಡ, ಅವುಗಳ ತವರಿನ ಹಲವು ಹೊಳೆಗಳ ನೀರೂ ಹಾಗೆಯೇ. ಮಗ ನೆಟ್ಟ ಗಿಡಗಳನ್ನು ಮಾತ್ರ ಬೆಳಗಾಗುವುದರೊಳಗೆ ಕಿತ್ತು ತೇಲಿಸಿದ್ದವು!

ಮುಖ್ಯ ವಿಷಯ ನೀರಿನದು. ಮೀನಿನ ಹೊಲಸಿನಿಂದ ಹುಟ್ಟುವ ಅಮೋನಿಯಾ ವಿಷ. ಅದನ್ನು ಕರಗಿಸುವ ಸೂಕ್ಷ್ಮಜೀವಿಗಳು ಫಿಲ್ಟರಿನಲ್ಲಿ ನೆಲೆಯೂರಲು ತಿಂಗಳಾದರೂ ಬೇಕು. ನಾವು ಹಳೆಯ ಫಿಲ್ಟರಿನ ಸ್ಪಂಜನ್ನೇ ಹೊಸದಕ್ಕೆ ಹಾಕಿದ್ದರಿಂದ ಕೆಲಸ ಬೇಗ ಆಯಿತು. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸುತ್ತೇವೆ. ತೆಗೆದ ನೀರು ಕರಿಬೇವಿನ ಗಿಡಕ್ಕೆ. ನಲ್ಲಿ ನೀರಾದರೆ ಕ್ಲೋರಿನ್ ಹೋಗಲು ಒಂದು ದಿನ ತೆರೆದಿಡಬೇಕು. ಕರೆಂಟು ಹೋದಾಗ ಮಗ ಚೊಂಬಿನಲ್ಲಿ ನೀರೆತ್ತಿ ಮೇಲಿನಿಂದ ಸುರಿಯುತ್ತಾನೆ, ಗಾಳಿ ಸೇರಲೆಂದು. ಅಡುಗೆಮನೆಯ ಮಾಂಸದ ಚೂರು ಮಾತ್ರ ಹಾಕಬೇಡಿ. ಆ ಕೊಬ್ಬು ಅವಕ್ಕೆ ಜೀರ್ಣವಾಗುವುದಿಲ್ಲ.

ಕ್ರಮೇಣ ತಲೆಯ ಗುಳಿಗಳು ಮಾಯತೊಡಗಿದವು. ಒಂದು ದಿನ ಚಪ್ಪಟೆ ಕಲ್ಲೊಂದನ್ನು ಬಾಯಿಂದ ಉಜ್ಜಿ ಶುಚಿ ಮಾಡಿ, ಅದರ ಮೇಲೆ ನೂರಾರು ಮೊಟ್ಟೆಯಿಟ್ಟವು. ಎರಡೂ ಸರದಿಯಂತೆ ರೆಕ್ಕೆಯಿಂದ ಗಾಳಿ ಹಾಕುತ್ತ ಕಾವಲು ನಿಂತವು. ಮೊಟ್ಟೆಗಳೆಲ್ಲ ಬೆಳ್ಳಗಾಗಿ ಕೆಟ್ಟುಹೋದವು. ಆದರೂ ಅವು ಕಲ್ಲಿನ ಬಳಿಯಿಂದ ಕದಲಲಿಲ್ಲ. ಅಂದು ಮಗ ಟಿವಿ ಹಾಕಲೇ ಇಲ್ಲ.

ಸಹೋದರಿಯರೇ, ಮಕ್ಕಳು ಮೀನು ಕೇಳಿದರೆ ಬೇಡವೆನ್ನಬೇಡಿ. ಆದರೆ ಬೆಳೆದಾಗ ಎಷ್ಟಾಗುತ್ತದೆಂದು ಮೊದಲು ತಿಳಿದುಕೊಳ್ಳಿ. ಅಷ್ಟು ಜಾಗ ಇಲ್ಲದಿದ್ದರೆ ಚಿಕ್ಕ ಮೀನು ತನ್ನಿ. ಸಾಕಲಾಗದ ದಿನ ಬಂದರೆ ಸಾಕಬಲ್ಲವರಿಗೆ ಕೊಡಿ. ಹೊಳೆಗೆ ಮಾತ್ರ ಬಿಡಬೇಡಿ.