ಉದಕಮಂಡಲದ ಪಂದ್ಯದ ಬಯಲು

ಉದಕಮಂಡಲದ ಬಸ್ ನಿಲ್ದಾಣದ ಮಗ್ಗುಲಲ್ಲಿರುವ ಹಸಿರು ಬಯಲನ್ನು ನೀಲಗಿರಿಯ ವಾಚಕರೆಲ್ಲ ಬಲ್ಲರು. ಗುತ್ತಿಗೆ ಬಾಕಿಯ ಕಾರಣದಿಂದ 2024ರ ಜುಲೈಯಲ್ಲಿ ತಮಿಳುನಾಡು ಸರ್ಕಾರವು ಸುಮಾರು 52 ಎಕರೆಯ ಈ ನೆಲವನ್ನು ವಶಕ್ಕೆ ತೆಗೆದುಕೊಂಡಿತು. ಅದಕ್ಕೆ ಮುನ್ನ ಪ್ರತಿ ಬೇಸಗೆಯಲ್ಲಿ ಕೆಳನಾಡಿನ ಕುದುರೆಗಳು ಘಟ್ಟವೇರಿ ಇಲ್ಲಿ ಓಡುತ್ತಿದ್ದವು.

ಪಂದ್ಯದ ಮುನ್ನಾದಿನ ಗೆಲ್ಲುವ ಕುದುರೆಯನ್ನು ಗುರುತಿಸಹೊರಟವರು ಮೊದಲು ನೋಡುತ್ತಿದ್ದುದು ಅದು ಹೊರುವ ಭಾರವನ್ನು. ಹಿಂದೆ ಚೆನ್ನಾಗಿ ಓಡಿದ್ದಕ್ಕೆ ಹೆಚ್ಚು ತೂಕ, ಹಿಂದುಳಿದದ್ದಕ್ಕೆ ಕಡಿಮೆ. ಸವಾರನ ತೂಕ ಸಾಲದಿದ್ದರೆ ಜೀನಿಗೆ ಸೀಸ ಸೇರಿಸುವರು. ಜಾಣನಿಗೂ ಮಂದನಿಗೂ ಒಂದೇ ಪ್ರಶ್ನೆಪತ್ರಿಕೆ ಕೊಡುವ ನಮ್ಮ ಶಾಲೆಗಳಲ್ಲಿ ಇಂಥ ಲೆಕ್ಕವಿಲ್ಲ! ಆದರೆ ಇಲ್ಲಿ ಬೆಟ್ಟದ ಲೆಕ್ಕವೂ ಒಂದುಂಟು. ಸಮುದ್ರಮಟ್ಟದಿಂದ ಸುಮಾರು 2,240 ಮೀಟರು ಎತ್ತರ, ಗಾಳಿ ತೆಳು. ಮದರಾಸಿನಲ್ಲಿ ಮಿಂಚಿದ ಕುದುರೆ ಇಲ್ಲಿ ಕಡೆಯ ಇನ್ನೂರು ಮೀಟರಿನಲ್ಲಿ ಏದುಸಿರು ಬಿಟ್ಟೀತು. ಆದಕಾರಣ ಇದೇ ಬಯಲಲ್ಲಿ ಹಿಂದೆ ಗೆದ್ದು, ಈ ಸಲ ಹಗುರ ಭಾರ ಹೊತ್ತ ಕುದುರೆಯತ್ತಲೇ ನನ್ನ ಒಲವು.

ಮದರಾಸು ಪಂದ್ಯಗಳ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 1996ರಲ್ಲಿ, ಇದು ಪ್ರಧಾನವಾಗಿ ಜಾಣ್ಮೆಯ ಆಟವೆಂದಿತು. ಒಪ್ಪತಕ್ಕ ಮಾತೇ. ಆದರೂ ವಾರದ ಕೂಲಿಯನ್ನೆಲ್ಲ ಕಟ್ಟಿ, ಸಂಜೆ ಬಸ್ಸಿನ ಚಾರ್ಜಿಗೆ ಪರಿಚಿತರನ್ನು ಹುಡುಕುತ್ತಿದ್ದವರನ್ನು ಆ ನಿಲ್ದಾಣದಲ್ಲಿ ಕಂಡಿದ್ದೇನೆ.