ಹೊರಡುವ ಮುನ್ನ ದಾರಿಯನ್ನು ಕಾಣುವುದು

ಶಾಲೆಯ ಗಂಟೆಯು ಯಾರಿಗಾಗಿಯೂ ಕಾಯದೆಂದು ನಾವು ಬಾಲಕಿಯರಿಗೆ ಆಗಾಗ ಹೇಳುತ್ತಿರುತ್ತೇವೆ. ಆದರೆ ಕೂಡ್ಲಿಗಿಯಿಂದ ಕೊಟ್ಟೂರಿಗೆ ನಿತ್ಯವೂ ಬಸ್ಸಿನಲ್ಲಿ ಬರುವ ನಮಗೆ, ದಾರಿಯು ಈ ದಿನ ಹೇಗಿರುವುದೆಂಬ ಸಂಗತಿಯು ಮನೆಯ ಹೊಸ್ತಿಲಲ್ಲಿ ನಿಂತಾಗ ತಿಳಿಯುವುದಿಲ್ಲ. ಹೊಸಪೇಟೆಯಿಂದ ಚಿತ್ರದುರ್ಗಕ್ಕೆ ಹೋಗುವ 50ನೆಯ ರಾಷ್ಟ್ರೀಯ ಹೆದ್ದಾರಿಯು ಕೂಡ್ಲಿಗಿಯನ್ನು ಮುಟ್ಟಿಕೊಂಡು ಹೋಗುತ್ತದೆ. ಹೊಸಪೇಟೆಯ ಕಡೆಯಿಂದ ಬರುವ ಬಸ್ಸು ಅಲ್ಲೆಲ್ಲೋ ಲಾರಿಗಳ ಸಾಲಿನಲ್ಲಿ ಸಿಕ್ಕಿಕೊಂಡರೆ, ಹೆದ್ದಾರಿಯನ್ನೇ ಕಾಣದ ಕೊಟ್ಟೂರಿನ ತರಗತಿಯಲ್ಲಿ ಮೊದಲನೆಯ ಪಾಠವು ನಿಂತುಹೋಗುತ್ತದೆ.

ಅನ್ಯದೇಶಗಳಲ್ಲಿ ಇದಕ್ಕೊಂದು ಉಪಾಯವುಂಟು. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಸ್ನೊಕ್ವಾಲ್ಮಿ ಎಂಬ ಘಟ್ಟದ ಹೆದ್ದಾರಿಯ ಮೇಲೆ ಸರ್ಕಾರದವರು ಕ್ಯಾಮೆರಾಗಳನ್ನು ನಿಲ್ಲಿಸಿ, ಅವುಗಳ ಚಿತ್ರಗಳನ್ನು ಸರ್ವರಿಗೂ ತೆರೆದಿಟ್ಟಿದ್ದಾರೆ. ಹಿಮ ಬಿದ್ದಿದೆಯೋ, ವಾಹನಗಳು ನಿಂತಿವೆಯೋ ಎಂಬುದನ್ನು ಜನರು ಮನೆಯಲ್ಲಿಯೇ ನೋಡಿ, ಆಮೇಲೆ ಹೊರಡುತ್ತಾರೆ. ನಮ್ಮ ನಾಡಿನಲ್ಲಿಯೂ ಕ್ಯಾಮೆರಾಗಳಿಗೆ ಕೊರತೆಯಿಲ್ಲ. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಅತಿವೇಗದವರನ್ನು ಅವು ಗುರುತಿಸುತ್ತವೆ; ದಂಡದ ಪತ್ರವು ಮನೆಗೇ ಬರುತ್ತದೆ. ಇದು ಒಳ್ಳೆಯದೇ. ಆದರೆ ಆ ಚಿತ್ರವು ಸೇರುವುದು ನಿಯಂತ್ರಣ ಕೊಠಡಿಯನ್ನು. ದಾರಿಯಲ್ಲಿ ಕಾದು ನಿಂತವರ ಕಣ್ಣಿಗೆ ಅದು ಬೀಳುವುದಿಲ್ಲ. ಹೆದ್ದಾರಿಯಲ್ಲಿ ತೊಂದರೆಗೆ ಸಿಕ್ಕಿದವರು 1033ಕ್ಕೆ ಕರೆ ಮಾಡಬಹುದು. ಅದಾದರೂ ತೊಂದರೆಯಾದ ಮೇಲಿನ ಮಾತು.

ನಮ್ಮ ಕಿರಿಯ ಉಪಾಧ್ಯಾಯಿನಿಯರು ಗೂಗಲ್ ಭೂಪಟವನ್ನು ತೋರಿಸಿ, "ಅಮ್ಮಾ, ದಾರಿ ಹಸಿರಾಗಿದೆ, ಹೊರಡೋಣ" ಎನ್ನುತ್ತಾರೆ. ಆ ಬಣ್ಣವು ಕಣ್ಣಿನಿಂದ ಕಂಡದ್ದಲ್ಲ, ಊಹಿಸಿದ್ದು. ದಾರಿಯಲ್ಲಿರುವ ಫೋನುಗಳು ನಿಧಾನವಾಗಿ ಚಲಿಸಿದರೆ ಅದು ಕೆಂಪಾಗುತ್ತದೆ. 2020ರಲ್ಲಿ ಬರ್ಲಿನ್ ನಗರದ ಕಲಾವಿದ ಸೈಮನ್ ವೆಕರ್ಟ್ ಎಂಬಾತನು 99 ಫೋನುಗಳನ್ನು ಒಂದು ಕೈಗಾಡಿಯಲ್ಲಿ ತುಂಬಿ ಎಳೆದುಕೊಂಡು ಹೋದುದಾಗಿ ಪ್ರಕಟಿಸಿದನು. ಬರಿದಾದ ಬೀದಿಯೂ ಭೂಪಟದಲ್ಲಿ ಕೆಂಪಾಗಿ ತೋರಿತಂತೆ! ನಮ್ಮ ಕಡೆ ಇದಕ್ಕೆ ವಿರುದ್ಧವಾದ ತೊಡಕು. ಹಳ್ಳಿಯ ರಸ್ತೆಯಲ್ಲಿ ಓಡಾಡುವ ಫೋನುಗಳೇ ಕಡಿಮೆಯಾದರೆ ಬಣ್ಣಕ್ಕೆ ಆಧಾರವೆಲ್ಲಿಯದು? ಮಾಘಮಾಸದಲ್ಲಿ ಕೊಟ್ಟೂರೇಶ್ವರನ ತೇರಿಗೆ ಪಾದಯಾತ್ರಿಕರು ರಸ್ತೆಯುದ್ದಕ್ಕೂ ನಡೆದು ಬರುವರು. ಹಡಗಲಿ ಸೀಮೆಯ ಮೈಲಾರದ ಕಾರಣಿಕಕ್ಕೆ ಚಕ್ಕಡಿಗಳು ಹೊರಡುವವು. ಈ ಕಾಲದಲ್ಲಿ ಯಾವ ಬಸ್ಸು ಯಾವ ಸುತ್ತುದಾರಿಯನ್ನು ಹಿಡಿಯುವುದೆಂದು ಬಣ್ಣವನ್ನು ನೋಡಿ ಹೇಳಲಾಗದು. ಒಂದು ಚಿತ್ರವಿದ್ದರೆ ಒಂದೇ ನೋಟಕ್ಕೆ ತಿಳಿದೀತು.

ಚಿತ್ರವೊಂದೇ ಸಾಲದೆಂಬುದನ್ನೂ ಹೇಳಬೇಕು. 2023ನೆಯ ಜೂನ್ 11ರಂದು ಶಕ್ತಿ ಯೋಜನೆಯು ಆರಂಭವಾದಂದಿನಿಂದ ಹೆಣ್ಣುಮಕ್ಕಳು ಸರ್ಕಾರದ ಸಾಮಾನ್ಯ ಬಸ್ಸುಗಳಲ್ಲಿ ಟಿಕೇಟಿನ ಹಣವಿಲ್ಲದೆ ಪ್ರಯಾಣ ಮಾಡುತ್ತಿದ್ದಾರೆ. ಮಗಳ ಬಸ್ಸಿನ ಹಣಕ್ಕಾಗಿ ಶಾಲೆ ಬಿಡಿಸುವ ಮಾತನ್ನಾಡುತ್ತಿದ್ದ ತಾಯಂದಿರನ್ನು ಬಲ್ಲ ನಮಗೆ ಇದರ ಬೆಲೆ ಗೊತ್ತು. ಆದರೆ ಬಸ್ಸು ತುಂಬಿದ್ದರೆ ಹಳ್ಳಿಯ ನಿಲ್ದಾಣದಲ್ಲಿ ಕೈಯೆತ್ತಿ ನಿಂತ ಹುಡುಗಿಯು ಅಲ್ಲಿಯೇ ಉಳಿಯುವಳು. ರಸ್ತೆಯು ತೆರವಾಗಿದ್ದರೆ ಅವಳಿಗೇನು ಬಂತು? ಬಸ್ಸು ಎಷ್ಟು ಹೊತ್ತಿಗೆ ಬರುವುದೆಂದು ನಿಲ್ದಾಣದಲ್ಲಿಯೇ ತೋರಿಸುವ ಫಲಕಗಳನ್ನು ಮೈಸೂರು ನಗರದಲ್ಲಿ 2012ರಲ್ಲಿಯೇ ಇಟ್ಟಿದ್ದರು. ಅಂಥದು ಹಗರಿಬೊಮ್ಮನಹಳ್ಳಿಯಿಂದಲೋ ಹರಪನಹಳ್ಳಿಯಿಂದಲೋ ಬರುವ ಬಾಲಕಿಯರಿಗೆ ಇನ್ನೂ ಹೆಚ್ಚಾಗಿ ಬೇಕು. ಪಟ್ಟಣದಲ್ಲಿ ಒಂದು ಬಸ್ಸು ತಪ್ಪಿದರೆ ಸ್ವಲ್ಪ ಹೊತ್ತಿಗೇ ಮತ್ತೊಂದು ಬರುತ್ತದೆ. ಹಳ್ಳಿಯಲ್ಲಿ ಕೆಲವು ಸಾರಿ ಆ ದಿನದ ಪಾಠವೇ ತಪ್ಪುತ್ತದೆ.

2024ರ ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ಪರೀಕ್ಷಾ ಕೊಠಡಿಗಳೊಳಗೆ ಕ್ಯಾಮೆರಾಗಳನ್ನಿಟ್ಟು, ದೂರದಲ್ಲಿ ಕುಳಿತ ಅಧಿಕಾರಿಗಳು ಆಗಿಂದಾಗಲೇ ನೋಡುವ ಏರ್ಪಾಡಾಯಿತು. ನಕಲು ತಡೆಯುವುದಕ್ಕೆ ಅದು ಬೇಕಾದದ್ದೇ. ನಾವು ಅದನ್ನು ಆಕ್ಷೇಪಿಸುವವರಲ್ಲ. ಆದರೂ ಆ ಪುಟ್ಟ ಕಣ್ಣನ್ನು ಗೋಡೆಯ ಮೇಲೆ ಕಂಡಾಗಲೆಲ್ಲ ನಮಗೊಂದು ಯೋಚನೆ ಬರುತ್ತದೆ. ಮೇಜಿನ ಮುಂದೆ ಕುಳಿತ ಹುಡುಗಿಯನ್ನು ಇಷ್ಟು ದೂರದಿಂದ ಕಾಣಬಹುದಾದರೆ, ಆ ಮೇಜನ್ನು ಮುಟ್ಟಲಿಕ್ಕೆ ಅವಳು ಬರುವ ದಾರಿಯನ್ನು ಅವಳಿಗೂ ಅವಳ ಶಿಕ್ಷಕಿಗೂ ಯಾಕೆ ತೋರಿಸಬಾರದು?

ಅದುವರೆಗೆ ನಮ್ಮ ಏರ್ಪಾಡು ಹೀಗಿದೆ. ಪರೀಕ್ಷೆಯ ದಿನಗಳಲ್ಲಿ ಒಂದೊಂದು ದಾರಿಗೆ ಒಬ್ಬೊಬ್ಬ ಉಪಾಧ್ಯಾಯಿನಿಯು ಮೊದಲನೆಯ ಬಸ್ಸಿನಲ್ಲಿ ಬಂದು, ರೈಲ್ವೆ ಗೇಟು ಹಾಕಿದ್ದರೂ, ಬಸ್ಸು ತುಂಬಿದ್ದರೂ, ಹಿಂದಿನ ಊರುಗಳ ಮನೆಗಳಿಗೆ ಫೋನು ಮಾಡಿ ತಿಳಿಸುವಳು. ಸುದ್ದಿ ತಿಳಿದ ತಂದೆಯು ಮಗಳನ್ನು ಮೋಟಾರು ಸೈಕಲ್ಲಿನಲ್ಲಿ ಮುಂದಿನ ನಿಲ್ದಾಣದವರೆಗೆ ಬಿಡುವನು. ಹೊಲದ ಕೆಲಸವಿದ್ದರೆ ನೆರೆಮನೆಯವರನ್ನು ಕೇಳುವನು. ಬರುವ ಪರೀಕ್ಷೆಗೆ ಕೂಡ್ಲಿಗಿಯ ದಾರಿಯನ್ನು ನಾವು ನೋಡಿಕೊಳ್ಳುತ್ತೇವೆ. ಹರಪನಹಳ್ಳಿಯ ದಾರಿಗೂ ಹಗರಿಬೊಮ್ಮನಹಳ್ಳಿಯ ದಾರಿಗೂ ಇಬ್ಬರು ಒಪ್ಪಿದ್ದಾರೆ. ಉಜ್ಜಿನಿಯ ದಾರಿಗೆ ಇನ್ನೂ ಯಾರೂ ಸಿಕ್ಕಿಲ್ಲ. ಆ ಕಡೆ ವಾಸಿಸುವ ನಮ್ಮ ಹಳೆಯ ವಿದ್ಯಾರ್ಥಿನಿಯರು ಯಾರಾದರೂ ಈ ಸಂಚಿಕೆಯನ್ನು ಓದಿದರೆ ಶಾಲೆಗೆ ಬಂದು ಹೆಸರು ಕೊಡಬೇಕಾಗಿ ಕೇಳಿಕೊಳ್ಳುತ್ತೇವೆ.