ಬಣ್ಣ ತೊಟ್ಟ ಸೀಸ

ಪಿಸ್ತೂಲಿನ ತೋಟೆಯೊಂದು ನಾಲ್ಕು ವಸ್ತುಗಳ ಕೂಟ: ಹಿತ್ತಾಳೆಯ ಕೋಶ, ಅದರ ತಳದಲ್ಲಿ ಕೂತು ಪೆಟ್ಟು ಬಿದ್ದೊಡನೆ ಕಿಡಿ ಹಾರಿಸುವ ಪ್ರೈಮರ್, ಆ ಕಿಡಿಗೆ ಉರಿದು ಅನಿಲವಾಗುವ ಮದ್ದು, ಆ ಅನಿಲದ ಒತ್ತಡಕ್ಕೆ ನಳಿಗೆಯಿಂದ ಹೊರಚಿಮ್ಮುವ ಗುಂಡು. ಒಮ್ಮೆ ಹಾರಿಸಿದ ಮೇಲೆ ಪ್ರೈಮರಿನ ಆಯುಷ್ಯ ಮುಗಿದಿರುತ್ತದೆ, ಮದ್ದು ಹೊಗೆಯಾಗಿರುತ್ತದೆ, ಗುಂಡು ಗುರಿಯ ಹಿಂದಿನ ಮಣ್ಣಿನ ದಿಬ್ಬ ಸೇರಿರುತ್ತದೆ. ಕೋಶ ಮಾತ್ರ ಬಿಸಿಬಿಸಿಯಾಗಿ ಕಾಲ ಬುಡಕ್ಕೆ ಬೀಳುತ್ತದೆ. ಹೊಸ ತೋಟೆಯ ಸಾಮಗ್ರಿಗಳಲ್ಲಿ ಎಲ್ಲಕ್ಕಿಂತ ದುಬಾರಿಯಾದದ್ದು ಈ ಕೋಶವೇ ಆದ್ದರಿಂದ, ಅದನ್ನು ಹೆಕ್ಕಿ ತಂದು, ಉಜ್ಜಿ ಬೆಳಗಿಸಿ, ಉಳಿದ ಮೂರನ್ನೂ ಹೊಸದಾಗಿ ತುಂಬಿ ಮತ್ತೆ ತೋಟೆಯಾಗಿಸುವ ಕೆಲಸ ಅಮೆರಿಕದಲ್ಲಿ ತಲೆಮಾರುಗಳಿಂದ ಬೆಳೆದುಬಂದ ಮನೆಗೆಲಸವಾಗಿದೆ. ಇದಕ್ಕೆ ಅಲ್ಲಿ ರೀಲೋಡಿಂಗ್ ಎನ್ನುತ್ತಾರೆ.

ಈ ಮರುಬಳಕೆ ಸಾಧ್ಯವಾಗಿರುವುದಕ್ಕೆ 1860ರ ದಶಕದ ಒಂದು ವಿನ್ಯಾಸ ಕಾರಣವೆಂಬುದನ್ನು ಇಲ್ಲಿಯೇ ಹೇಳಬೇಕು. ಪ್ರೈಮರಿನ ಎರಡು ಬಗೆಗಳು ಆ ದಶಕದಲ್ಲಿ ಹುಟ್ಟಿದವು. ಒಂದು ಅಮೆರಿಕದ ಹೈರಮ್ ಬರ್ಡನ್ ಅವರದು, ಇನ್ನೊಂದು ಇಂಗ್ಲೆಂಡಿನ ಎಡ್ವರ್ಡ್ ಬಾಕ್ಸರ್ ಅವರದು. ಬಾಕ್ಸರ್ ಪದ್ಧತಿಯಲ್ಲಿ ಕೋಶದ ತಳದ ನಡುಮಧ್ಯೆ ಒಂದೇ ತೂತು ಇರುವುದರಿಂದ, ಒಳಗಿನಿಂದ ಒಂದು ಸೂಜಿ ಇಳಿಸಿದರೆ ಹಳೆಯ ಪ್ರೈಮರ್ ಪಟ್ಟನೆ ಉದುರುತ್ತದೆ. ಬರ್ಡನ್ ಪದ್ಧತಿಯಲ್ಲಿ ನಡುವೆ ತೂತಿಲ್ಲ, ಬದಿಗೆ ಸಣ್ಣ ತೂತುಗಳಿವೆ, ಆದ್ದರಿಂದ ತೆಗೆಯುವುದು ತ್ರಾಸದಾಯಕ. ಅಮೆರಿಕದ ಮಾರುಕಟ್ಟೆ ತನ್ನ ನೆಲದ ಬರ್ಡನ್ನನನ್ನು ಬಿಟ್ಟು ಇಂಗ್ಲೆಂಡಿನವನ ಪದ್ಧತಿಗೆ ಒಲಿದದ್ದರಿಂದಲೇ ಅಲ್ಲಿನ ಹವ್ಯಾಸಿಗೆ ಪ್ರತಿಯೊಂದು ಖಾಲಿ ಕೋಶವೂ ಒಂದು ಆಸ್ತಿಯಾಯಿತು.

ಕನ್ನಡಕ್ಕೆ ಈ ಲೋಕದ ಮಾತು ಹೊಸದಲ್ಲ. ಮಲೆನಾಡಿನಲ್ಲೂ ಕೊಡಗಿನಲ್ಲೂ ಕೋವಿ, ಮದ್ದು, ಗುಂಡು, ಚರೆ, ತೋಟೆ, ಕೇಪು, ಈಡು ಎಂಬ ಪದಗಳು ಮನೆಮಾತಾಗಿವೆ. ಕೇಪಿನ ಕೋವಿಯ ಬಾಯಿಂದ ಮದ್ದು ಸುರಿದು, ಚರೆ ಹಾಕಿ, ಕೋಲಿನಿಂದ ಜಡಿದು ಈಡು ತುಂಬುವುದನ್ನು ಕಂಡವರಿಗೆ ಅಳತೆಯ ಮದ್ದು, ಅಳತೆಯ ಗುಂಡು ಎಂದರೇನೆಂದು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ತೋಟೆ ತಯಾರಿಸಲು ಪರವಾನಗಿ ಬೇಕಾಗಿರುವುದರಿಂದ, ಇಲ್ಲಿ ವರ್ಣಿಸುವ ಹವ್ಯಾಸ ಅದರ ಪೂರ್ಣರೂಪದಲ್ಲಿ ಅಮೆರಿಕದ್ದೇ.

ಗುರಿಯ ಅಭ್ಯಾಸವೆಂದರೆ ಸಾವಿರಗಳ ಲೆಕ್ಕದ ಕೆಲಸ. ಸಂಗೀತಗಾರ ಸರಳೆ ವರಸೆಯನ್ನು ಎಷ್ಟು ಸಲ ಹಾಡಿದರೂ ಅದಕ್ಕೆ ಖರ್ಚಿಲ್ಲ. ಪಿಸ್ತೂಲು ಹಿಡಿದವನ ಪ್ರತಿ ಆವರ್ತನಕ್ಕೂ ಒಂದು ಗುಂಡು ತೆರಬೇಕು. ಕೋಶ ಮತ್ತೆ ಸಿಗುತ್ತದೆ, ಮದ್ದು ಪಿಸ್ತೂಲಿಗೆ ಚಿಟಿಕೆಯಷ್ಟು ಸಾಕು, ಪ್ರೈಮರಿನಲ್ಲಿ ಆಯ್ಕೆಗೆ ಹೆಚ್ಚು ಅವಕಾಶವಿಲ್ಲ. ಹಾಗಾಗಿ ವಿವೇಚನೆಗೆ ನಿಜವಾದ ಜಾಗ ಇರುವುದು ಗುಂಡಿನ ಆಯ್ಕೆಯಲ್ಲಿ. ಬೇಟೆಗೋ ಆತ್ಮರಕ್ಷಣೆಗೋ ಮಾಡಿದ ಗುಂಡಿನಿಂದ ಬಯಸುವ ಗುಣಗಳು ಬೇರೆ. ಅಭ್ಯಾಸದ ಗುಂಡಿನಿಂದ ಬಯಸುವುದು ಒಂದನ್ನೇ: ನೂರನೆಯದು ಮೊದಲನೆಯದರ ಹಾಗೆಯೇ ಇರಬೇಕು. ಈ ಒಂದು ಗುಣ ಸಿಕ್ಕಿದ ಮೇಲೆ ಅಗ್ಗವಾಗಿರುವುದು ಆ ಗುಂಡಿನ ಕೊರತೆಯಲ್ಲ, ಅದರ ಎರಡನೆಯ ಗುಣ. ಏಕೆಂದರೆ ಉಳಿದ ಹಣವೆಲ್ಲ ಇನ್ನಷ್ಟು ಅಭ್ಯಾಸವಾಗಿ ಮರಳುತ್ತದೆ.

ಮಾರುಕಟ್ಟೆಯಲ್ಲಿ ಪಿಸ್ತೂಲಿನ ಗುಂಡುಗಳು ಸ್ಥೂಲವಾಗಿ ನಾಲ್ಕು ಬಗೆಯಲ್ಲಿ ಸಿಗುತ್ತವೆ. ಸೀಸದ ತಿರುಳಿಗೆ ತಾಮ್ರದ ಮಿಶ್ರಲೋಹದ ದಪ್ಪ ಅಂಗಿ ತೊಡಿಸಿದ ಜಾಕೆಟೆಡ್ ಗುಂಡು ಸಾಮಾನ್ಯವಾಗಿ ಎಲ್ಲಕ್ಕಿಂತ ತುಟ್ಟಿ. ಮೆತ್ತನೆಯ ಸೀಸದ ಮೇಲೆ ವಿದ್ಯುತ್ತಿನ ನೆರವಿನಿಂದ ತಾಮ್ರದ ತೆಳುಪದರ ಕೂರಿಸಿದ ಪ್ಲೇಟೆಡ್ ಗುಂಡು ಅದಕ್ಕಿಂತ ಕಡಿಮೆ ಬೆಲೆಯದು. ಆದರೆ ಕೋಶದ ಬಾಯಿ ತುಸು ಬಿಗಿಯಾಗಿ ಕಚ್ಚಿದರೂ ಆ ಪದರ ಹರಿಯುತ್ತದೆ. ಬರೀ ಸೀಸವನ್ನು ಅಚ್ಚಿಗೆ ಎರೆದು, ಸೊಂಟದ ತೋಡಿಗೆ ಮೇಣ ತುಂಬಿದ ಹಳೆಯ ಕಾಲದ ಗುಂಡು ಅತಿ ಅಗ್ಗ. ಅದರ ಮೇಣ ಉರಿದು ಹೊಗೆ ಕವಿಯುತ್ತದೆ, ಕೈ ಅಂಟುತ್ತದೆ, ಉಪಕರಣಗಳ ಮೂಲೆಮೂಲೆಗೆ ಜಿಡ್ಡು ಸೇರುತ್ತದೆ. ಇವುಗಳ ನಡುವೆ ಬಂದು ನಿಂತದ್ದೇ ಪಾಲಿಮರ್ ಲೇಪನದ ಗುಂಡು: ಒಡಲು ಎರಕದ ಸೀಸದ್ದು, ಮೈಮೇಲೆ ಕೆಂಪೋ ನೀಲಿಯೋ ಹಸಿರೋ ಆದ ಗಟ್ಟಿ ಬಣ್ಣದ ಪೊರೆ.

ಸೀಸ ನಳಿಗೆಯ ಲೋಹವನ್ನು ಮುಟ್ಟದಂತೆ ನಡುವೆ ಒಂದು ಪೊರೆ ಇರಿಸುವ ಈ ಯುಕ್ತಿ ಕಲಾಯಿಯನ್ನು ನೆನಪಿಗೆ ತರುತ್ತದೆ. ಹಿತ್ತಾಳೆಯ ಪಾತ್ರೆಯಲ್ಲಿ ಹುಳಿ ಕುದಿಸಿದರೆ ಕಿಲುಬು ಏಳುತ್ತದೆಂದು ಒಳಮೈಗೆ ತವರ ಬಳಿಸುತ್ತಿದ್ದ ಮನೆಗಳಲ್ಲಿ ಆ ತವರದ ದಪ್ಪ ಕಣ್ಣಿಗೆ ಕಾಣುವಷ್ಟೂ ಇರುತ್ತಿರಲಿಲ್ಲ. ಆದರೂ ಅದು ಇದ್ದರೆ ಅಡುಗೆ, ಇಲ್ಲದಿದ್ದರೆ ವಿಷ. ಗುಂಡಿನ ಲೇಪನವೂ ಅಷ್ಟೇ ತೆಳು, ಇಂಚಿನ ಸಾವಿರದ ಒಂದೆರಡು ಪಾಲಿನಷ್ಟು. ಈ ದಾರಿಯಲ್ಲಿ ಮುಂಚೆಯೇ ನಡೆದದ್ದು ಸ್ಮಿತ್ ಅಂಡ್ ವೆಸನ್ ಕಂಪನಿಯ ನೈಕ್ಲಾಡ್. ಆ ಗುಂಡಿಗೆ ನೈಲಾನಿನ ಹೊದಿಕೆಯಿತ್ತು, ಒಳಾಂಗಣ ಶೂಟಿಂಗ್ ರೇಂಜುಗಳಲ್ಲಿ ಸೀಸದ ದೂಳು ತಗ್ಗಿಸುವುದು ಅದರ ಉದ್ದೇಶವಾಗಿತ್ತು. ಈಗ ಹಲವು ಸಣ್ಣ ಎರಕದ ಅಂಗಡಿಗಳಲ್ಲಿ ಬಳಕೆಯಲ್ಲಿರುವ ಹೈ-ಟೆಕ್ ಎಂಬ ಲೇಪನ ಆಸ್ಟ್ರೇಲಿಯಾದಿಂದ ಬಂದದ್ದು. ಎರಕ ಹೊಯ್ದ ಗುಂಡುಗಳನ್ನು ಬಣ್ಣದ ದ್ರವದಲ್ಲಿ ಹೊರಳಿಸಿ, ಆರಿಸಿ, ಸುಮಾರು 200 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಹತ್ತು ಹನ್ನೆರಡು ನಿಮಿಷ ಬೇಯಿಸುತ್ತಾರೆ. ಹೀಗೆ ಎರಡು ಮೂರು ತೆಳುಪದರಗಳಾಗುತ್ತವೆ. ಸೀಸ ಕರಗುವುದು 327 ಡಿಗ್ರಿಯಲ್ಲಾದ್ದರಿಂದ ಗುಂಡಿನ ರೂಪ ಕೆಡುವುದಿಲ್ಲ.

ಲೇಪನ ಹದವಾಗಿ ಬೆಂದಿದೆಯೇ ಎಂದು ತಿಳಿಯುವ ಎರಡು ಪರೀಕ್ಷೆಗಳು ಮನೆಯಲ್ಲೇ ಆಗುವಂಥವು, ನೋಡುವುದಕ್ಕೂ ಚೆಂದ. ಉಗುರುಬಣ್ಣ ಅಳಿಸಲು ಬಳಸುವ ಅಸಿಟೋನಿನಲ್ಲಿ ಬಿಳಿ ಬಟ್ಟೆಯ ತುಣುಕೊಂದನ್ನು ಅದ್ದಿ ಗುಂಡಿನ ಮೈಯನ್ನು ಒತ್ತಿ ಉಜ್ಜಿದಾಗ ಬಟ್ಟೆಗೆ ಬಣ್ಣ ಇಳಿದರೆ ಲೇಪನ ಹಸಿಯಾಗಿದೆ ಎಂದರ್ಥ. ಎರಡನೆಯದಕ್ಕೆ ಅಡಿಗಲ್ಲು, ಸುತ್ತಿಗೆ ಸಾಕು: ಗುಂಡನ್ನು ಬಡಿದು ಬಡಿದು ನಾಣ್ಯದಂತೆ ಚಪ್ಪಟೆ ಮಾಡಿದಾಗ ಒಳ್ಳೆಯ ಲೇಪನ ಸೀಸದ ಜೊತೆಗೇ ಹಿಗ್ಗಿ, ಅಂಚಿನವರೆಗೂ ಬಿಡದೆ ಅಂಟಿಕೊಂಡಿರುತ್ತದೆ, ಕೆಟ್ಟದ್ದು ಹಳೆಯ ಗೋಡೆಯ ಸುಣ್ಣದಂತೆ ಚಕ್ಕೆಚಕ್ಕೆಯಾಗಿ ಏಳುತ್ತದೆ. ಹೊಸ ತಯಾರಕರಿಂದ ಮೊದಲ ಪೊಟ್ಟಣ ತರಿಸಿದವರು ಒಂದು ಗುಂಡನ್ನು ಈ ಪರೀಕ್ಷೆಗೆ ಬಲಿಕೊಡಲು ಹಿಂಜರಿಯಬಾರದು.

ಇಂಥ ಗುಂಡಿನಲ್ಲಿ ಇನ್ನೊಂದು ಗುಣವಿದೆ. ಸಾಮಾನ್ಯ ಜಾಕೆಟೆಡ್ ಗುಂಡಿನ ತಾಮ್ರದ ಅಂಗಿ ತಳದಲ್ಲಿ ತೆರೆದೇ ಇರುತ್ತದೆ. ಉರಿಯುವ ಅನಿಲ ಅಲ್ಲಿನ ಬತ್ತಲೆ ಸೀಸವನ್ನು ನೆಕ್ಕಿ ಆವಿಯಾಗಿಸುತ್ತದೆ. ಲೇಪನದ ಗುಂಡಿಗೆ ತಳವೂ ಮುಚ್ಚಿರುವುದರಿಂದ, ಸೀಸದ ಆವಿಯ ಮಟ್ಟಿಗೆ ಅಗ್ಗದ ಗುಂಡೇ ದುಬಾರಿ ಗುಂಡಿಗಿಂತ ಶುದ್ಧ. ಹಾಗೆಂದು ಕೈ ತೊಳೆಯದೆ ಊಟಕ್ಕೆ ಕೂರುವಂತಿಲ್ಲ. ಬಹುಪಾಲು ಪ್ರೈಮರುಗಳಲ್ಲಿಯೇ ಸೀಸದ ಸಂಯುಕ್ತವಿದೆ, ಅದರ ದೂಳು ಬಳಸಿದ ಕೋಶಗಳಿಗೆ ಮೆತ್ತಿಕೊಂಡಿರುತ್ತದೆ, ಮಕ್ಕಳಿರುವ ಮನೆಯಲ್ಲಿ ಈ ಎಚ್ಚರ ಇಮ್ಮಡಿಯಾಗಬೇಕು.

ತೂಕದ ಪ್ರಶ್ನೆಗೆ ಬಂದರೆ, ಗುಂಡನ್ನು ತೂಗುವುದು ಗ್ರೇನ್ ಎಂಬ ಮಾನದಲ್ಲಿ. ಅಕ್ಕಸಾಲಿಗರ ಗುಲಗಂಜಿಯ ಹಾಗೆ ಇದೂ ಕಾಳಿನಿಂದ ಹುಟ್ಟಿದ ತೂಕ. 7000 ಗ್ರೇನಿಗೆ ಒಂದು ಪೌಂಡು. 9 ಮಿಲಿಮೀಟರ್ ಪಿಸ್ತೂಲಿಗೆ 115, 124, 147 ಗ್ರೇನಿನ ಗುಂಡುಗಳು ರೂಢಿಯಲ್ಲಿವೆ. ಒಂದು ಪೌಂಡು ಸೀಸದಲ್ಲಿ ಮೊದಲನೆಯದು 60ರಷ್ಟು ಆದರೆ ಕೊನೆಯದು 47 ಮಾತ್ರ ಆಗುವುದರಿಂದ ಹಗುರ ಗುಂಡು ಸಹಜವಾಗಿಯೇ ಅಗ್ಗ. ಸಾಗಣೆಯ ವೆಚ್ಚವನ್ನೂ ಇದರೊಡನೆ ಲೆಕ್ಕಕ್ಕೆ ಹಿಡಿಯಬೇಕು. ಸಿದ್ಧ ತೋಟೆಯನ್ನು ಅಮೆರಿಕದ ಅಂಚೆ ಒಯ್ಯುವುದಿಲ್ಲ, ಬರೀ ಗುಂಡನ್ನು ಒಯ್ಯುತ್ತದೆ. ಅಲ್ಲಿನ ಏಕದರದ ಪೆಟ್ಟಿಗೆಗೆ 70 ಪೌಂಡಿನವರೆಗೆ ಒಂದೇ ಶುಲ್ಕವಾದ್ದರಿಂದ, ಪುಟ್ಟ ಪೆಟ್ಟಿಗೆಯಲ್ಲಿ ಸಾವಿರಗಟ್ಟಲೆ ಗುಂಡು ತುಂಬಿ ಕಳಿಸುವುದು ರೂಢಿಯಾಗಿದೆ. ಆ ಪೆಟ್ಟಿಗೆಯನ್ನು ಮೆಟ್ಟಿಲ ಮೇಲೆ ಕಂಡವರು ಅದರ ಗಾತ್ರ ನೋಡಿ ಒಂದೇ ಕೈಯಲ್ಲಿ ಎತ್ತಲು ಹೋದರೆ ಅದು ಜಪ್ಪಯ್ಯ ಎಂದರೂ ಕದಲುವುದಿಲ್ಲ.

ಅಗ್ಗವೆಂಬ ಒಂದೇ ಕಾರಣಕ್ಕೆ 115ನ್ನು ಆರಿಸಬೇಕೇ? ಸ್ಪರ್ಧೆಯ ಅಭ್ಯಾಸ ಮಾಡುವವರು ಹಾಗೆ ಮಾಡುವುದು ಕಡಿಮೆ. 1976ರಲ್ಲಿ ಮಿಸೌರಿಯ ಕೊಲಂಬಿಯಾದಲ್ಲಿ ರೂಪುಗೊಂಡ ಪ್ರಾಯೋಗಿಕ ಶೂಟಿಂಗ್ ಪಂಥದಲ್ಲಿ ಪವರ್ ಫ್ಯಾಕ್ಟರ್ ಎಂಬ ಲೆಕ್ಕವಿದೆ: ಗುಂಡಿನ ಗ್ರೇನ್ ತೂಕವನ್ನು ಸೆಕೆಂಡಿಗೆ ಇಷ್ಟು ಅಡಿ ಎಂಬ ವೇಗದಿಂದ ಗುಣಿಸಿ ಸಾವಿರದಿಂದ ಭಾಗಿಸಿದಾಗ, 9 ಮಿಲಿಮೀಟರ್ ಹಿಡಿದವರ ಸಾಮಾನ್ಯ ವರ್ಗದಲ್ಲಿ ಬರುವ ಸಂಖ್ಯೆ 125ಕ್ಕಿಂತ ಕಡಿಮೆಯಾಗಬಾರದು. ಈ ಗಡಿ ಮುಟ್ಟಲು 115ರ ಗುಂಡು ಸೆಕೆಂಡಿಗೆ 1087 ಅಡಿ ಓಡಬೇಕು, 147ರ ಗುಂಡಿಗೆ 851 ಅಡಿ ಸಾಕು. ನಿಧಾನದ ಭಾರ ಗುಂಡಿಗೆ ಮದ್ದು ಕಡಿಮೆ ಸಾಕಾಗುತ್ತದೆ. ಅದರ ಹಿಂದೇಟು ಚಟ್ಟನೆಯ ಏಟಾಗದೆ ಅಂಗೈಯನ್ನು ಮೆಲ್ಲಗೆ ನೂಕಿದಂತಿರುತ್ತದೆ ಎಂದು ಬಹಳ ಮಂದಿ ಅನುಭವಿಗಳು ಹೇಳುತ್ತಾರೆ. ದಿನಕ್ಕೆ ಇನ್ನೂರು ಸಲ ಕೈ ಕದಲುವ ಅಭ್ಯಾಸದಲ್ಲಿ ಈ ಮೃದುತ್ವದ ಬೆಲೆ ಕೆಲವೇ ಸೆಂಟುಗಳಾದರೆ ಅದನ್ನು ಕೊಡುವುದು ಲೇಸು. ನಡುದಾರಿಯ 124 ಅಥವಾ 125 ಗ್ರೇನಿನ ಗುಂಡು ಎಲ್ಲ ಪಿಸ್ತೂಲಿಗೂ ಒಗ್ಗುವ ಸಾಧು ಸ್ವಭಾವದ್ದು.

ಜಾಹೀರಾತುಗಳು ಮುಂದಿಡುವ ಗಡಸುತನದ ಅಂಕಿಗಿಂತ ವ್ಯಾಸದ ಅಂಕಿಗೇ ಹೆಚ್ಚು ಗಮನ ಸಲ್ಲಬೇಕು. ಸೀಸಕ್ಕೆ ಆಂಟಿಮನಿ, ತವರ ಬೆರೆಸಿದಷ್ಟೂ ಅದು ಗಡುಸಾಗುತ್ತದೆ, ಬ್ರಿನೆಲ್ ಮಾಪನದಲ್ಲಿ ಶುದ್ಧ ಸೀಸ 5ರ ಆಸುಪಾಸಿನಲ್ಲಿದ್ದರೆ ಎರಕದ ಮಿಶ್ರಲೋಹಗಳು 12ರಿಂದ 18ರವರೆಗೆ ಏರುತ್ತವೆ, ನಿಜ. ಆದರೆ ನಳಿಗೆಯೊಳಗಿನ ಸುರುಳಿ ಗೀರುಗಳಿಗೆ ಸೀಸ ಮೆತ್ತಿಕೊಳ್ಳುವ ರೋಗಕ್ಕೆ ಮೆತ್ತನೆಯ ಸೀಸಕ್ಕಿಂತ ದೊಡ್ಡ ಕಾರಣ ಸಡಿಲ ಗುಂಡು. ನಳಿಗೆಗೂ ಗುಂಡಿಗೂ ಸಂದು ಉಳಿದರೆ ಬೆಂಕಿಯಂಥ ಅನಿಲ ಅದರಲ್ಲಿ ನುಗ್ಗಿ ಗುಂಡಿನ ಬದಿಯನ್ನು ಕೊರೆಯುತ್ತದೆ. ಆದ್ದರಿಂದ 9 ಮಿಲಿಮೀಟರಿನಲ್ಲಿ ಜಾಕೆಟೆಡ್ ಗುಂಡಿಗೆ ಇಂಚಿನ ಸಾವಿರದ 355 ಪಾಲು ವ್ಯಾಸವಿದ್ದರೆ ಲೇಪನದ ಗುಂಡಿಗೆ 356 ಇರುವುದು ವಾಡಿಕೆ; .45 ಪಿಸ್ತೂಲಿನಲ್ಲಿ ಅದೇ 451 ಮತ್ತು 452. ಕೂದಲೆಳೆಗಿಂತ ತೆಳುವಾದ ಈ ಒಂದು ಪಾಲು ನಳಿಗೆಗೆ ಬಿರಡೆ ಹಾಕಿದ ಕೆಲಸ ಮಾಡುತ್ತದೆ.

ಬಣ್ಣ ಚರ್ಮದಷ್ಟೇ ನಾಜೂಕಾದ್ದರಿಂದ ತುಂಬುವ ಕೈಗೂ ನಾಜೂಕು ಬೇಕು. ಕೋಶದ ಬಾಯನ್ನು ಮೊಗ್ಗು ಬಿರಿದಷ್ಟು ಅರಳಿಸದೆ ಗುಂಡನ್ನು ಒತ್ತಿದರೆ, ಹಿತ್ತಾಳೆಯ ಅಂಚು ಉಳಿಯಂತೆ ಕೆತ್ತಿ, ಕೋಶದ ಕೊರಳಲ್ಲಿ ಬಣ್ಣದ ಸಣ್ಣ ಉಂಗುರವೊಂದು ಸುರುಳಿಯಾಗಿ ಎದ್ದು ನಿಲ್ಲುತ್ತದೆ. ಅದನ್ನು ಕಂಡಾಗ ಮಾಡಬೇಕಾದದ್ದು ಬಾಯನ್ನು ಇನ್ನೊಂದು ಎಳೆ ಅರಳಿಸುವುದು. ಗುಂಡು ಕೂತ ಮೇಲೆ ಆ ಅರಳನ್ನು ಮತ್ತೆ ನೇರ ಮಾಡುವುದಕ್ಕೆ ಕ್ರಿಂಪ್ ಎನ್ನುತ್ತಾರೆ. ಇಲ್ಲಿ ನೇರ ಮಾಡಬೇಕೇ ಹೊರತು ಕಚ್ಚಿಸಬಾರದು. ಸಂದೇಹ ಬಂದರೆ ಒಂದು ತೋಟೆಯನ್ನು ಗುಂಡು ಕೀಳುವ ಸುತ್ತಿಗೆಯಲ್ಲಿಟ್ಟು ಕುಟ್ಟಿ, ಹೊರಬಂದ ಗುಂಡಿನ ಸೊಂಟ ನೋಡಬೇಕು: ನವಿರಾದ ಗೆರೆ ಮೂಡಿದ್ದರೆ ಸರಿ, ಬಣ್ಣ ಹರಿದು ಬಿಳಿ ಸೀಸ ಇಣುಕಿದ್ದರೆ ತಪ್ಪು. ಮದ್ದಿನ ಅಳತೆಗೆ ಮಾತ್ರ ಕಣ್ಣಂದಾಜು, ಕೇಳಿದ ಮಾತು ಯಾವುದೂ ಸಲ್ಲದು. ಮದ್ದಿನ ತಯಾರಕರ ಕೈಪಿಡಿಯ ಕನಿಷ್ಠ ಅಳತೆಯಿಂದಲೇ ಆರಂಭಿಸಬೇಕು.

ಮೂತಿಯ ಆಕಾರ ಪಿಸ್ತೂಲಿನ ಇಷ್ಟಕ್ಕೆ ಬಿಟ್ಟದ್ದು. ದುಂಡು ಮೂತಿಯದು ಎಡವದೆ ನಳಿಗೆಗೆ ಏರುತ್ತದೆ. ಚಪ್ಪಟೆ ಮೂತಿಯದು ಕಾಗದದ ಗುರಿಯಲ್ಲಿ ಅಂಚು ಕತ್ತರಿಸಿದಂತೆ ದುಂಡನೆಯ ತೂತು ಮಾಡುತ್ತದೆ, ಆದರೆ ಅದರ ಭುಜ ನಳಿಗೆಗೆ ತಾಗದಂತೆ ತುಸು ಆಳಕ್ಕೆ ಕೂರಿಸಬೇಕಾಗುತ್ತದೆ. ಇದನ್ನು ಅರಿಯಲು ಪಿಸ್ತೂಲಿನಿಂದ ನಳಿಗೆಯನ್ನು ಬಿಚ್ಚಿ ಹಿಡಿದು ತೋಟೆಯನ್ನು ಅದರೊಳಗೆ ಬಿಡುತ್ತಾರೆ. ಅಳತೆ ಸರಿಯಿದ್ದರೆ ಅದು ಟಣ್ ಎಂದು ತಳ ಮುಟ್ಟಿ, ಬೆರಳಿನಿಂದ ತಿರುಗಿಸಿದರೆ ಸಲೀಸಾಗಿ ತಿರುಗಿ, ನಳಿಗೆಯನ್ನು ಮಗುಚಿದರೆ ತಾನಾಗಿ ಅಂಗೈಗೆ ಬೀಳುತ್ತದೆ.

ಈ ಎಲ್ಲ ಆಯ್ಕೆಗಳ ಫಲಿತಾಂಶ ಕಾಣುವುದು ಅಭ್ಯಾಸ ಮುಗಿದ ಸಂಜೆಯಲ್ಲಿ. ಇನ್ನೂರು ಈಡು ಹಾರಿಸಿದ ನಳಿಗೆಯನ್ನು ಬಿಚ್ಚಿ, ಎಣ್ಣೆ ಸವರಿದ ಬಟ್ಟೆಯನ್ನು ಒಮ್ಮೆ ಒಳಗೆ ಎಳೆದು ಬೆಳಕಿಗೆ ಹಿಡಿದಾಗ, ಬೆಳ್ಳಿಯ ಬಣ್ಣದ ಸಿಬಿರು ಒಂದೂ ಇಲ್ಲದೆ ಸುರುಳಿ ಗೀರುಗಳು ಈ ತುದಿಯಿಂದ ಆ ತುದಿಯವರೆಗೆ ಹೊಳೆಯುತ್ತಿರುತ್ತವೆ. ಬಟ್ಟೆಯ ಮೇಲೆ ಇರುವುದು ಮದ್ದಿನ ಮಸಿ ಮಾತ್ರ.